ಹಳೆಯ ಮನೆಯ ಒಳಚರಂಡಿ ಕಟ್ಟಿಕೊಂಡಾಗ: ಆಸಿಡ್ಡೋ, ಸ್ಪ್ರಿಂಗೋ, ಜೆಟ್ಟಿಂಗೋ, ಅಗೆತವೋ?

ಅಜ್ಜನ ಕಾಲದ ಮನೆಯನ್ನು ಪಾಲಿಗೆ ಪಡೆದವರು, ಅಂಥದ್ದನ್ನೇ ಕೊಂಡು ದುರಸ್ತಿ ಮಾಡಿಸಿಕೊಂಡವರು, ಅದರಲ್ಲಿ ಬಾಡಿಗೆಗೆ ಇರುವವರು, ಇವರೆಲ್ಲ ಮಳೆಗಾಲ ಹತ್ತಿರವಾದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಚ್ಚಲಿನಲ್ಲಿ ನೀರು ನಿಲ್ಲುತ್ತಿದೆ, ಪಾಯಿಖಾನೆಗೆ ನೀರು ಬಿಟ್ಟರೆ ಗುಳುಗುಳು ಸದ್ದಾಗಿ ಮೇಲಕ್ಕೇ ಬರುತ್ತಿದೆ. ಅಂಗಡಿಯವರು ಆಸಿಡ್ ಸುರಿಯಿರಿ ಎನ್ನುತ್ತಾರೆ, ಪಕ್ಕದ ಮನೆಯವರು ರಭಸದ ನೀರಿನಿಂದ ಪೈಪು ತೊಳೆಯುವ ಜೆಟ್ಟಿಂಗ್ ಗಾಡಿ ಕರೆಸಿ ಎನ್ನುತ್ತಾರೆ, ಪ್ಲಂಬರು ಪೂರ್ತಿ ಲೈನನ್ನೇ ಕಿತ್ತು ಹೊಸದು ಹಾಕೋಣ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ? ಎಲ್ಲವೂ ಒಂದೊಂದು ಸಂದರ್ಭಕ್ಕೆ ಸರಿ, ಆಸಿಡ್ ಒಂದನ್ನು ಬಿಟ್ಟು. ಯಾವ ಸಂದರ್ಭಕ್ಕೆ ಯಾವುದು ಎಂದು ತಿಳಿಯಬೇಕಾದರೆ ಮೊದಲು ನಮ್ಮ ಮನೆಯ ನೆಲದಡಿಯಲ್ಲಿ ಏನಿದೆ ಎಂಬುದನ್ನು ನೋಡಬೇಕಾಗುತ್ತದೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಒಂದು ಕಿರಿದಾದ ಸಂದಿ ಇರುತ್ತದೆ. ಕನ್ಸರ್ವೆನ್ಸಿ ಲೇನ್ ಎಂದು ಅದರ ಹೆಸರು. ಒಳಚರಂಡಿ ಬರುವ ಮೊದಲು ಪಾಯಿಖಾನೆ ಹಿತ್ತಿಲಿನ ತುದಿಯಲ್ಲಿರುತ್ತಿತ್ತು, ಮಲವನ್ನು ಮನುಷ್ಯರು ಆ ಸಂದಿಯ ಮೂಲಕ ಹೊತ್ತುಕೊಂಡು ಹೋಗುತ್ತಿದ್ದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ಕರ್ನಾಟಕ ನಿಷೇಧಿಸಿತು. ಪದ್ಧತಿ ಹೋದರೂ ಮನೆಯ ನಕ್ಷೆ ಹಾಗೆಯೇ ಉಳಿಯಿತು. ಆಮೇಲೆ ನಡುಮನೆಯ ಪಕ್ಕದಲ್ಲೊಂದು, ಮಹಡಿಯ ಮೇಲೊಂದು ಬಾತ್‌ರೂಮು ಕಟ್ಟಿಸಿದಾಗ ಹೊಸ ಪೈಪುಗಳನ್ನು ಅಡುಗೆಮನೆಯ ಕೆಳಗೋ ತುಳಸಿಕಟ್ಟೆಯ ಬದಿಗೋ ತಿರುಗಿಸಿ, ಅದೇ ಹಿತ್ತಿಲಿನ ಹಳೆಯ ಲೈನಿಗೆ ಸೇರಿಸಲಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಹಳೆಯ ಸ್ಟೋನ್‌ವೇರ್ ಪೈಪು, ಎರಕದ ಕಬ್ಬಿಣದ ಪೈಪು, ಇತ್ತೀಚಿನ ಪಿವಿಸಿ, ಮೂರೂ ಒಂದಕ್ಕೊಂದು ಜೋಡಿಸಿಕೊಂಡಿರುವುದು ಅಪರೂಪವಲ್ಲ.

ಸ್ಟೋನ್‌ವೇರ್ ಪೈಪು ಎಂದರೆ ಮೆರುಗು ಕೊಟ್ಟು ಸುಟ್ಟ ಮಣ್ಣಿನ ಕೊಳವೆ. ಒಂದೊಂದು ತುಂಡು ಸುಮಾರು ಎರಡು ಅಡಿ ಉದ್ದವಿರುವುದರಿಂದ ನಲವತ್ತು ಅಡಿಯ ಲೈನಿನಲ್ಲಿ ಇಪ್ಪತ್ತು ಜಾಯಿಂಟುಗಳಿರುತ್ತವೆ, ಅಷ್ಟನ್ನೂ ಸಿಮೆಂಟ್ ಗಾರೆಯಿಂದ ಕಟ್ಟಿರುತ್ತಾರೆ. ಪೈಪು ನೂರು ವರ್ಷ ಬಾಳಿದರೂ ಆಶ್ಚರ್ಯವಿಲ್ಲ, ಸೋಲುವುದು ಜಾಯಿಂಟು. ಮುಂದೆ ಹೇಳುವುದರಲ್ಲಿ ಬಹುಪಾಲು ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಆಯ್ಕೆಗೆ ಮೊದಲು ನೋಡಬೇಕಾದದ್ದು

ಮೊದಲನೆಯ ಅಳತೆಗೋಲು ಚೌಕಾಸಿಗೆ ಒಳಪಡುವಂಥದ್ದಲ್ಲ. ಯಾವ ವಿಧಾನವೇ ಆಗಲಿ, ಅದರಲ್ಲಿ ಯಾರೊಬ್ಬರೂ ಚೇಂಬರಿನೊಳಗೆ (ಲೈನನ್ನು ತೆರೆದು ನೋಡಲೆಂದು ಅಲ್ಲಲ್ಲಿ ಕಟ್ಟಿರುವ ಮುಚ್ಚಳದ ಗುಂಡಿಯೊಳಗೆ) ಇಳಿಯುವಂತಿರಬಾರದು, ತಲೆ ತಗ್ಗಿಸಿ ಒಳಗೆ ಬಾಗುವಂತೆಯೂ ಇರಬಾರದು. ಕೊಳೆತ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲಿ ಕೂತಿರುತ್ತದೆ. ಅಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದರ ಪಾಲು ಸುಮಾರು 100 ಭಾಗ ಮುಟ್ಟಿದಾಗ ಮೂಗು ಆ ವಾಸನೆಯನ್ನು ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 500 ಭಾಗ ದಾಟಿತೆಂದರೆ ಮನುಷ್ಯ ಕುಸಿದು ಬೀಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅಂದರೆ ವಾಸನೆ ನಿಂತಿತೆಂಬ ಕಾರಣಕ್ಕೆ ಗಾಳಿ ಶುದ್ಧವಾಯಿತೆಂದು ತಿಳಿದವರೇ ಅಪಾಯಕ್ಕೆ ಸಿಕ್ಕುವುದು. ನಿಂತ ಕೆಸರನ್ನು ಕೋಲಿನಿಂದ ಕಲಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಹೊರಬರುತ್ತದೆ. ಇಳಿದವನು ಬಿದ್ದ ಮೇಲೆ ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಬೀಳುವುದು, ಒಂದೇ ಗುಂಡಿಯಿಂದ ಎರಡು ಮೂರು ಹೆಣಗಳನ್ನು ಹೊರತೆಗೆಯುವುದು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಅಂಥ ಸಂದರ್ಭ ಎದುರಾದರೆ ಇಳಿಯದೆ 112ಕ್ಕೆ ಕರೆ ಮಾಡಬೇಕು.

ಕಾನೂನಿನ ಮಾತೂ ಇದೇ. ಮ್ಯಾನ್ಯುವಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ, 2013ರ 7ನೆಯ ಕಲಮಿನ ಪ್ರಕಾರ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಚ್ಚುವಂತಿಲ್ಲ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಈ ನಿಷೇಧ ನಗರಸಭೆಗೆ ಮಾತ್ರವಲ್ಲ, ಮನೆಯ ಯಜಮಾನರಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. "ಐನೂರು ಕೊಡಿ ಸಾರ್, ಇಳಿದು ತೆಗೆದುಬಿಡುತ್ತೇನೆ" ಎಂದು ಯಾರಾದರೂ ಹೇಳಿದರೆ, ಅದು ಎಲ್ಲಕ್ಕಿಂತ ಅಗ್ಗದ ಆಯ್ಕೆಯಂತೆ ಕಂಡರೂ, ಅದನ್ನು ಆಯ್ಕೆಗಳ ಪಟ್ಟಿಯಿಂದಲೇ ತೆಗೆದುಹಾಕಬೇಕು.

ಎರಡನೆಯ ಅಳತೆಗೋಲು, ಕಟ್ಟಿಕೊಂಡಿರುವುದು ಎಲ್ಲಿ ಎಂಬುದು. ಇದನ್ನು ಪತ್ತೆಮಾಡಲು ಯಂತ್ರ ಬೇಕಿಲ್ಲ. ಒಂದು ಸಿಂಕಿನಲ್ಲಿ ಮಾತ್ರ ನೀರು ನಿಂತರೆ ತೊಡಕು ಆ ಸಿಂಕಿನ ಹತ್ತಿರವೇ ಇದೆ. ಕೆಳಮನೆಯ ಎಲ್ಲ ಕಡೆಯೂ ನಿಂತರೆ, ಅದರಲ್ಲೂ ಮಹಡಿಯಲ್ಲಿ ಸ್ನಾನ ಮಾಡಿದಾಗ ಕೆಳಗಿನ ಬಚ್ಚಲಿನಲ್ಲಿ ನೀರು ಉಕ್ಕಿದರೆ, ತೊಡಕು ಮುಖ್ಯ ಲೈನಿನಲ್ಲಿದೆ. ಆಗ ಚೇಂಬರುಗಳ ಮುಚ್ಚಳವನ್ನು ಒಂದೊಂದಾಗಿ ಹಾರೆಯಿಂದ ಎತ್ತಿ ನೋಡಬೇಕು. ಗಾಳಿ ನಮ್ಮ ಬೆನ್ನಿನ ಕಡೆಯಿಂದ ಬೀಸುವ ಹಾಗೆ ನಿಂತು, ಬೀಡಿ ಸಿಗರೇಟು ಬೆಂಕಿಕಡ್ಡಿಗಳನ್ನು ದೂರವಿಟ್ಟು (ಒಳಗೆ ಮೀಥೇನ್ ಇರುವ ಸಾಧ್ಯತೆ ಇದೆ), ಮಕ್ಕಳನ್ನು ಮನೆಯೊಳಗೆ ಕಳಿಸಿ, ಮುಚ್ಚಳ ತೆರೆದ ಮೇಲೆ ಸ್ವಲ್ಪ ಹೊತ್ತು ದೂರ ಸರಿದು, ಅನಂತರ ನಿಂತಲ್ಲಿಂದಲೇ ಟಾರ್ಚ್ ಬಿಟ್ಟು ನೋಡಬೇಕು. ಒಬ್ಬರೇ ಇದ್ದಾಗ ಈ ಕೆಲಸ ಬೇಡ. ಮೇಲಿನ ಚೇಂಬರು ತುಂಬಿದ್ದು ಅದರ ಮುಂದಿನದು ಖಾಲಿ ಇದ್ದರೆ ತೊಡಕು ಅವೆರಡರ ನಡುವೆ ಇದೆ. ರಸ್ತೆಯ ಕಡೆಯ ಕೊನೆಯ ಚೇಂಬರೂ ತುಂಬಿದ್ದರೆ, ರಸ್ತೆಯ ಮ್ಯಾನ್‌ಹೋಲೂ ಉಕ್ಕುತ್ತಿದ್ದರೆ, ತೊಡಕು ನಿಮ್ಮದೇ ಅಲ್ಲ. ಬೆಂಗಳೂರಾದರೆ ಜಲಮಂಡಳಿಯ 1916ಕ್ಕೆ, ಉಳಿದ ಊರುಗಳಲ್ಲಿ ಆಯಾ ನಗರಸಭೆಗೆ ದೂರು ಕೊಡಬೇಕೇ ಹೊರತು ಪ್ಲಂಬರಿಗೆ ದುಡ್ಡು ಸುರಿಯಬಾರದು. ಯಾವ ಬಚ್ಚಲು ಯಾವ ಚೇಂಬರಿಗೆ ಸೇರುತ್ತದೆಂದು ತಿಳಿಯದಿದ್ದರೆ, ಲೈನು ಹರಿಯುತ್ತಿರುವ ದಿನ ಒಂದು ಬಕೆಟ್ ನೀರಿಗೆ ಬಟ್ಟೆಯ ನೀಲಿ ಬೆರೆಸಿ ಸುರಿದು, ಬಣ್ಣ ಎಲ್ಲಿ ಬರುತ್ತದೆಂದು ಕಾದು ನೋಡಿದರೆ ಸಾಕು.

ಮಳೆ ಬಂದಾಗ ಮಾತ್ರ ಉಕ್ಕುವ ಮನೆಗಳದ್ದು ಬೇರೆ ಲೆಕ್ಕ. ಅಲ್ಲಿ ಸಾಮಾನ್ಯವಾಗಿ ಯಾರೋ ತಾರಸಿಯ ನೀರನ್ನು ಒಳಚರಂಡಿಗೆ ಸೇರಿಸಿರುತ್ತಾರೆ, ಅಥವಾ ಬೀದಿಯವರೆಲ್ಲ ಹಾಗೆ ಸೇರಿಸಿದ್ದರಿಂದ ಲೈನು ತುಂಬಿ ತಗ್ಗಿನ ಮನೆಗೆ ಹಿಂದಕ್ಕೆ ನುಗ್ಗುತ್ತದೆ. ಯಾವ ಶುಚಿ ಯಂತ್ರವೂ ಇದಕ್ಕೆ ಮದ್ದಲ್ಲ. ತಾರಸಿಯ ಕೊಳವೆಯನ್ನು ಬೇರ್ಪಡಿಸಿ ಮಳೆಕೊಯ್ಲಿಗೆ ತಿರುಗಿಸುವುದು, ಕೊನೆಯ ಚೇಂಬರಿನಲ್ಲಿ ನೀರನ್ನು ಹಿಂದಕ್ಕೆ ಬಿಡದ ವಾಲ್ವ್ ಕೂರಿಸುವುದು, ಇವೆರಡೇ ದಾರಿ.

ಮೂರನೆಯದು ಪೈಪಿನ ಬಗೆ ಮತ್ತು ಸ್ಥಿತಿ. ನಾಲ್ಕನೆಯದು ತೊಡಕು ಎಷ್ಟು ಸಲ ಮರುಕಳಿಸುತ್ತದೆ ಎಂಬುದು. ಖರ್ಚನ್ನು ಆ ದಿನದ ಬಿಲ್ಲಿನಿಂದ ಅಳೆಯದೆ ಮೂರು ವರ್ಷದ ಲೆಕ್ಕದಿಂದ ಅಳೆದರೆ, ದುಬಾರಿ ಎನಿಸಿದ್ದು ಅಗ್ಗವಾಗುವುದೂ ಅಗ್ಗದ್ದು ದುಬಾರಿಯಾಗುವುದೂ ಉಂಟು.

ಬಾಟಲಿಯ ಮದ್ದು

ಮೊದಲು ಕೈ ಹೋಗುವುದು ಇದಕ್ಕೇ ಆದ್ದರಿಂದ ಇದನ್ನೇ ಮೊದಲು ನೋಡೋಣ. ಸೈಕಲ್ಲಿನ ಮೇಲೆ ಫಿನಾಯಿಲ್ ಜೊತೆಗೆ ಮಾರಿಕೊಂಡು ಬರುತ್ತಿದ್ದ ಆಸಿಡ್ ಬಾಟಲಿಯನ್ನು ನಮ್ಮ ಮನೆಯಲ್ಲಿ ಹತ್ತು ವರ್ಷ ತಿಂಗಳಿಗೊಂದರಂತೆ ಸುರಿದೆವು. ಪ್ರತಿ ಸಲ ನೊರೆ ಬಂದು, ಹೊಗೆ ಎದ್ದು, ನೀರು ಇಳಿಯುತ್ತಿತ್ತು. ಕೆಲಸವಾಯಿತೆಂಬ ಸಮಾಧಾನವೂ ಆಗುತ್ತಿತ್ತು. ಕಡೆಗೆ ಹಿತ್ತಿಲನ್ನು ಅಗೆಸಿದ ದಿನ ನೋಡಿದರೆ ಮಣ್ಣಿನ ಪೈಪಿಗೆ ಒಂದು ಗೀರೂ ಬಿದ್ದಿರಲಿಲ್ಲ, ಮೆರುಗು ಹಾಗೆಯೇ ಹೊಳೆಯುತ್ತಿತ್ತು. ಆದರೆ ಜಾಯಿಂಟಿನ ಗಾರೆ ಬೆರಳು ತಾಗಿಸಿದರೆ ರವೆಯಂತೆ ಉದುರುತ್ತಿತ್ತು, ಆ ಸೀಳಿನಿಂದ ಒಳನುಗ್ಗಿದ್ದ ತೆಂಗಿನ ಬೇರುಗಳು ಒದ್ದೆಯಾದ ಜಡೆಯಂತೆ ಒಂದು ಮಾರು ಉದ್ದಕ್ಕೆ ಮಲಗಿದ್ದವು. ಆಸಿಡ್ಡು ಸಿಮೆಂಟನ್ನು ತಿನ್ನುತ್ತದೆ, ಬೇರನ್ನು ತಿನ್ನುವುದಿಲ್ಲ. ತೊಡಕನ್ನು ಬಿಡಿಸಲೆಂದು ಸುರಿದದ್ದೇ ಮುಂದಿನ ತೊಡಕಿಗೆ ಬಾಗಿಲು ತೆರೆದಿತ್ತು.

ಅದಕ್ಕಿಂತ ದೊಡ್ಡ ಅಪಾಯ ಬೇರೆಯದು. ಆಸಿಡ್ಡಿನ ಬೆನ್ನಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕೊಳೆತು ನಿಂತ ಕೊಚ್ಚೆಗೆ ಆಸಿಡ್ ಬಿದ್ದರೆ ಮೇಲೆ ಹೇಳಿದ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಕಿಟಕಿಯಿಲ್ಲದ ಹಳೆಯ ಬಚ್ಚಲಿನಲ್ಲಿ ಇವೆರಡೂ ಪ್ರಾಣಕ್ಕೆ ಕುತ್ತು. ಕಾಸ್ಟಿಕ್ ಸೋಡಾದ ಹರಳುಗಳು ಅಡುಗೆಮನೆಯ ಜಿಡ್ಡಿಗೆ ನಿಜವಾಗಿಯೂ ಕೆಲಸ ಮಾಡುತ್ತವೆ, ಯಾಕೆಂದರೆ ಅವು ಕೊಬ್ಬನ್ನು ಸಾಬೂನಾಗಿಸುತ್ತವೆ. ಆದರೆ ನೀರು ಬೆರೆತಾಗ ಅವು ಹುಟ್ಟಿಸುವ ಬಿಸಿ ಪಿವಿಸಿ ಪೈಪನ್ನು ಮೆತ್ತಗಾಗಿಸಬಲ್ಲದು, ಪೂರ್ತಿ ಮುಚ್ಚಿಹೋದ ಲೈನಿನಲ್ಲಿ ಮುಂದೆ ಸಾಗದೆ ಅಲ್ಲೇ ಗಟ್ಟಿಯಾಗಿ ಕೂರಲೂಬಹುದು. ಆದ್ದರಿಂದ ನಿಧಾನವಾಗಿಯಾದರೂ ಹರಿಯುತ್ತಿರುವ ಸಿಂಕಿಗೆ ಮಾತ್ರ, ಕನ್ನಡಕ ಮತ್ತು ರಬ್ಬರ್ ಗ್ಲೌಸ್ ತೊಟ್ಟು, ಅಳತೆಗೆ ತಕ್ಕಷ್ಟನ್ನೇ ಬಳಸುವುದಾದರೆ ಅಡ್ಡಿಯಿಲ್ಲ. ನಿಂತುಹೋದ ಮುಖ್ಯ ಲೈನಿಗೆ ಕೂಡದು. ಯಾವುದನ್ನೇ ಸುರಿದಿದ್ದರೂ ಅನಂತರ ಬರುವ ಕೆಲಸಗಾರರಿಗೆ ಅದನ್ನು ತಿಳಿಸಲೇಬೇಕು. ಅವರ ಮುಖಕ್ಕೆ ಸಿಡಿಯುವುದು ಕೇವಲ ಕೊಳೆ ನೀರು ಎಂದು ಅವರು ಭಾವಿಸಿರುತ್ತಾರೆ.

ಬ್ಯಾಕ್ಟೀರಿಯಾ ಪುಡಿಗಳು ಜಿಡ್ಡು ಮತ್ತೆ ಕೂರದಂತೆ ತಡೆಯಲು ತಕ್ಕಮಟ್ಟಿಗೆ ಸಹಾಯ ಮಾಡುತ್ತವೆ, ಕಟ್ಟಿಕೊಂಡದ್ದನ್ನು ಬಿಡಿಸಲಾರವು.

ರಬ್ಬರ್ ಬಟ್ಟಲು, ದಬ್ಬೆ, ಸ್ಪ್ರಿಂಗ್

ಒಂದೇ ಬಚ್ಚಲಿನ ತೊಡಕಿಗೆ ನೂರಿನ್ನೂರು ರೂಪಾಯಿಯ ಪ್ಲಂಜರನ್ನು, ಅಂದರೆ ಹಿಡಿಯಿರುವ ರಬ್ಬರ್ ಬಟ್ಟಲನ್ನು, ಮೀರಿಸುವುದು ಯಾವುದೂ ಇಲ್ಲ. ಅದು ಫಲಿಸದಿದ್ದಾಗ ನಹಾನಿ ಟ್ರ್ಯಾಪಿನ (ಬಚ್ಚಲಿನ ನೆಲದಲ್ಲಿ ನೀರು ಇಳಿಯುವ ಬಾಯಿಯ) ಜಾಲರಿ ತೆಗೆದು, ಗ್ಲೌಸ್ ತೊಟ್ಟ ಕೈಯಿಂದ ಕೂದಲಿನ ಗಂಟು, ತೆಂಗಿನ ನಾರು, ಪಾತ್ರೆ ತೊಳೆಯುವ ಪುಡಿಯ ಕೆಸರು ತೆಗೆದರೆ ಹತ್ತರಲ್ಲಿ ಆರೇಳು ಸಲ ಅಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಎರಡು ಚೇಂಬರುಗಳ ನಡುವಿನ ನೇರ ಲೈನಿಗೆ ಹಳಬರು ಸೀಳಿದ ಬಿದಿರಿನ ದಬ್ಬೆಯನ್ನು ತೂರಿಸುತ್ತಿದ್ದರು. ಮಣ್ಣಿನ ಪೈಪಿಗೆ ಅದು ಒರಟಲ್ಲ, ಖರ್ಚೂ ಇಲ್ಲ. ಆದರೆ ತಿರುವಿನಲ್ಲಿ ಮುರಿದು ಒಳಗೇ ಉಳಿದರೆ ಒಂದಿದ್ದ ತೊಡಕು ಎರಡಾಗುತ್ತದೆ. ಅದರ ಜಾಗಕ್ಕೆ ಈಗ ಒಂದಕ್ಕೊಂದು ತಿರುಪಿನಿಂದ ಸೇರಿಸುವ ಬಾಗುವ ರಾಡುಗಳು ಬಂದಿವೆ. ನೆಲದ ಮೇಲೆ ನಿಂತೇ ತಳ್ಳಬಹುದಾದ್ದರಿಂದ ನನ್ನ ಮೊದಲ ಅಳತೆಗೋಲಿಗೆ ಅವು ಪೂರ್ತಿ ಒಪ್ಪುತ್ತವೆ. ತಳ್ಳುವಾಗ ಸದಾ ತಿರುಪು ಬಿಗಿಯಾಗುವ ದಿಕ್ಕಿಗೇ ತಿರುಗಿಸುತ್ತಿರಬೇಕು, ಇಲ್ಲವಾದರೆ ರಾಡು ಒಳಗೇ ಕಳಚಿಕೊಳ್ಳುತ್ತದೆ.

ಉದ್ದನೆಯ ಸ್ಪ್ರಿಂಗನ್ನು ಪೈಪಿನೊಳಗೆ ತಿರುಗಿಸುತ್ತ ತೂರಿಸುವ ಕರೆಂಟಿನ ಸ್ಪ್ರಿಂಗ್ ಮೆಷಿನ್ನು ಬೇರು, ಬಟ್ಟೆ, ಪ್ಯಾಡುಗಳಂಥ ಗಟ್ಟಿ ತೊಡಕಿಗೆ ಒಳ್ಳೆಯದು. ತುದಿಗೆ ಬ್ಲೇಡು ಹಾಕಿ ಬೇರನ್ನು ಕತ್ತರಿಸಬಹುದು. ಆದರೆ ಕತ್ತರಿಸಿದ ಬೇರು ಸತ್ತಿರುವುದಿಲ್ಲ, ಚಿಗುರುತ್ತದೆ, ಮತ್ತೆ ಬರುತ್ತದೆ. ಸಡಿಲವಾದ ಜಾಯಿಂಟಿನಲ್ಲಿ ಸ್ಪ್ರಿಂಗಿನ ತುದಿ ಸಿಕ್ಕಿಕೊಂಡಾಗ ಮೆಷಿನ್ನು ನಿಲ್ಲಿಸದೆ ಒತ್ತಿದರೆ ಪೈಪು ಒಡೆಯುತ್ತದೆ. ನಮ್ಮಲ್ಲಿ ಒಬ್ಬರು ಹಾಗೆಯೇ ಒತ್ತಿ, ಆರಿಂಚಿನ ಪೈಪಿನ ಅರ್ಧ ಬಾಯಿಯನ್ನು ಕಿತ್ತು ಹೊರಗೆ ತಂದು, "ಕಲ್ಲು ಸಿಕ್ಕಿತ್ತು, ತೆಗೆದೆ" ಎಂದು ತೋರಿಸಿದ್ದರು. ಆ ಕಲ್ಲಿಗೆ ಒಂದು ಬದಿಯಲ್ಲಿ ಮೆರುಗಿತ್ತು. ತಿರುಗುವ ಸ್ಪ್ರಿಂಗನ್ನು ಬಟ್ಟೆಯ ಗ್ಲೌಸಿನಿಂದ ಹಿಡಿದರೆ ಅದು ಸುತ್ತಿಕೊಂಡು ಬೆರಳನ್ನು ಎಳೆದುಕೊಳ್ಳುತ್ತದೆ, ಆದ್ದರಿಂದ ಚರ್ಮದ್ದೇ ಬೇಕು. ಒದ್ದೆ ನೆಲದಲ್ಲಿ ಕರೆಂಟಿನ ಯಂತ್ರ ಓಡಿಸುವುದರಿಂದ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್ಚು) ಇರುವ ಪ್ಲಗ್ಗಿನಿಂದ ಮಾತ್ರ ಸಂಪರ್ಕ ಕೊಡಬೇಕು. ಹಳೆಯ ಮನೆಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ, ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಜೆಟ್ಟಿಂಗ್

ಜೆಟ್ಟಿಂಗಿನ ಪೈಪಿನ ಮೂತಿಯಲ್ಲಿ ಹಿಮ್ಮುಖವಾಗಿ ನೀರು ಚಿಮ್ಮುವ ಸಣ್ಣ ರಂಧ್ರಗಳಿರುತ್ತವೆ; ಆ ಒತ್ತಡವೇ ಪೈಪನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಹಿಂದಕ್ಕೆ ಸೆಳೆಯುವಾಗ ಕೊಳೆಯನ್ನು ಗುಡಿಸಿಕೊಂಡು ಬರುತ್ತದೆ. ಸ್ಪ್ರಿಂಗು ತೊಡಕಿನಲ್ಲಿ ಒಂದು ತೂತು ಮಾಡುತ್ತದೆ, ಜೆಟ್ಟು ಪೈಪಿನ ಗೋಡೆಯನ್ನೇ ತೊಳೆಯುತ್ತದೆ; ಜಿಡ್ಡು, ಮರಳು, ಕೆಸರು ವರ್ಷಗಟ್ಟಲೆ ಕೂತ ಲೈನಿಗೆ ಇದಕ್ಕೆ ಸಮನಾದುದಿಲ್ಲ. ತಗ್ಗಿನ ಚೇಂಬರಿನಿಂದ ಮನೆಯ ಕಡೆಗೆ ಮೇಲ್ಮುಖವಾಗಿ ಬಿಡುವುದು ಸರಿಯಾದ ಕ್ರಮ, ಆಗ ಕೊಳೆ ಹರಿವಿನ ದಿಕ್ಕಿಗೇ ಬರುತ್ತದೆ.

ಎಡವುವುದು ಒತ್ತಡದಲ್ಲಿ. ರಸ್ತೆಯ ದೊಡ್ಡ ಲೈನಿಗೆಂದು ಮಾಡಿದ ಲಾರಿಯ ಜೆಟ್ಟನ್ನು ಅದೇ ರಭಸದಲ್ಲಿ ಹಳೆಯ ಸ್ಟೋನ್‌ವೇರಿಗೆ ಬಿಟ್ಟರೆ ಉದುರುತ್ತಿರುವ ಗಾರೆ ಕೊಚ್ಚಿಹೋಗುತ್ತದೆ, ಸುತ್ತಲಿನ ಮಣ್ಣು ಒಳಕ್ಕೆ ಕುಸಿಯುತ್ತದೆ. ತೊಡಕು ಮನೆಗೆ ತೀರ ಹತ್ತಿರವಿದ್ದರೆ ಕೊಚ್ಚೆ ನೀರು ಪಾಯಿಖಾನೆಯ ಬಾಯಿಯಿಂದ ಕಾರಂಜಿಯಂತೆ ಚಿಮ್ಮುತ್ತದೆ. ಕೈಗಾಡಿಯಲ್ಲಿ ತರುವ ಸಣ್ಣ ಜೆಟ್ಟರ್ ಇರುವವರನ್ನು ಹುಡುಕಿ, ಮಣ್ಣಿನ ಪೈಪು ಎಂದು ಮೊದಲೇ ತಿಳಿಸಿ, ಕಡಿಮೆ ಒತ್ತಡದಿಂದ ಶುರುಮಾಡಲು ಹೇಳಬೇಕು. ಅದಕ್ಕೆ ಒಪ್ಪದವರನ್ನು ವಾಪಸು ಕಳಿಸುವುದರಲ್ಲಿ ನಷ್ಟವಿಲ್ಲ. ಒಳಚರಂಡಿ ಇಲ್ಲದೆ ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಿಗೆ ಬೇಕಾದದ್ದು ಹೀರುವ ಗಾಡಿ, ಅಂದರೆ ಸಕ್ಕಿಂಗ್ ಮೆಷಿನ್ನು. ಸುರಕ್ಷಿತವಾಗಿ ಖಾಲಿ ಮಾಡಿಸಲು 14420 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಟ್ಯಾಂಕಿನ ತಳದಲ್ಲಿ ಉಳಿದ ಕೆಸರನ್ನು "ಇಳಿದು ಬಳಿದುಬಿಡೋಣ" ಎಂಬ ಮಾತು ಅಲ್ಲಿಯೂ ಕೂಡದು.

ಅಗೆದು ಬದಲಾಯಿಸುವುದು

ವರ್ಷಕ್ಕೆ ಎರಡಕ್ಕಿಂತ ಹೆಚ್ಚು ಸಲ ಒಂದೇ ಜಾಗದಲ್ಲಿ ಕಟ್ಟಿಕೊಂಡರೆ ಶುಚಿಗೊಳಿಸುವುದಕ್ಕೆ ಮತ್ತೆ ದುಡ್ಡು ಹಾಕುವ ಮೊದಲು ಒಮ್ಮೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕೆಂಬುದು ನನ್ನ ಅಭಿಪ್ರಾಯ. ಜೆಟ್ಟಿಂಗ್ ಆದ ಕೂಡಲೇ ಬಿಟ್ಟರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಬೇರು ಒಂದೇ ಜಾಯಿಂಟಿನಲ್ಲಿ ನುಗ್ಗಿದೆಯೋ, ಪೈಪು ಕುಸಿದು ನೀರು ನಿಲ್ಲುವ ಹೊಂಡವಾಗಿದೆಯೋ, ಇಳಿಜಾರೇ ತಪ್ಪಿದೆಯೋ ಎಂಬುದು ಅದರಲ್ಲಿ ಕಾಣುತ್ತದೆ. ಒಂದೇ ಜಾಯಿಂಟಾದರೆ ನಾಲ್ಕಡಿ ಅಗೆದರೆ ಸಾಕು. "ಪೂರ್ತಿ ಹಾಳಾಗಿದೆ" ಎಂಬ ಮಾತನ್ನು ವಿಡಿಯೊ ನೋಡದೆ ನಂಬಬಾರದು. ನೀರು ನಿಲ್ಲುವ ಹೊಂಡವಾದರೆ ಯಾವ ಯಂತ್ರವೂ ಅದನ್ನು ನೇರಮಾಡಲಾರದು.

ಬದಲಾಯಿಸುವಾಗ ನೆಲದಡಿಗೆಂದೇ ಮಾಡಿದ ದಪ್ಪ ಪಿವಿಸಿ ಪೈಪನ್ನು ಕೇಳಬೇಕು, ಗೋಡೆಗೆ ಹಾಕುವ ತೆಳುವಾದದ್ದು ಸಾಲದು. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದಡಿ, ಆರಿಂಚಿನದಕ್ಕೆ 60 ಅಡಿಗೆ ಒಂದಡಿ ಇಳಿಜಾರು ಎಂಬುದು ಹಳೆಯ ಮೇಸ್ತ್ರಿಗಳ ಲೆಕ್ಕ, ಈಗಲೂ ಅದು ಸಲ್ಲುತ್ತದೆ. ಲೈನು ತಿರುಗುವ ಪ್ರತಿ ಜಾಗದಲ್ಲೂ ಒಂದು ಚೇಂಬರು ಇರಬೇಕು. ಖರ್ಚು ಪೈಪಿಗಿಂತ ಹೆಚ್ಚಾಗಿ ನೆಲದಲ್ಲಿದೆ: ಹಿತ್ತಿಲಿನ ಮಣ್ಣಾದರೆ ಸಾವಿರಗಳಲ್ಲಿ ಮುಗಿಯುವ ಕೆಲಸ, ಅಡುಗೆಮನೆಯ ಕೆಳಗಿನದ್ದಾದರೆ ನೆಲಹಾಸು ಕಿತ್ತು ಮತ್ತೆ ಹಾಕುವುದೂ ಸೇರಿ ಲಕ್ಷದ ಹತ್ತಿರ ಹೋಗಬಹುದು. ಹಳೆಯ ಕೆಂಪು ಗಾರೆಯ ನೆಲ ಒಡೆದರೆ ಅದೇ ಬಣ್ಣದ್ದು ಮತ್ತೆ ಸಿಗುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಷ್ಟೋ ಮನೆಗಳಲ್ಲಿ ಆ ಹಳೆಯ ಲೈನನ್ನು ಅಲ್ಲೇ ಮುಚ್ಚಿಬಿಟ್ಟು, ಹೊಸದನ್ನು ಪಕ್ಕದ ಓಣಿಯಲ್ಲಿ ಹಾಯಿಸುವುದೇ ಅಗ್ಗ.

ಯಾರಿಗೆ ಯಾವುದು

ಬಾಡಿಗೆದಾರರು ಪ್ಲಂಜರು ಮತ್ತು ಕೈಸ್ಪ್ರಿಂಗಿಗೆ ನಿಂತು, ಮುಖ್ಯ ಲೈನಿನ ಕೆಲಸವನ್ನು ಚೇಂಬರಿನ ಫೋಟೋ ಸಮೇತ ಮಾಲೀಕರಿಗೆ ಬಿಡುವುದು ಸರಿ. ಎರಡು ಮೂರು ವರ್ಷದಲ್ಲಿ ಮನೆ ಕೆಡವಿ ಕಟ್ಟಿಸುವವರಿಗೆ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆಗೆ ಮುನ್ನ, ಕಡಿಮೆ ಒತ್ತಡದ ಜೆಟ್ಟಿಂಗ್ ಸಾಕು. ಪೈಪು ಬದಲಾಯಿಸುವುದು ದಂಡ. ವಯಸ್ಸಾದ ತಂದೆತಾಯಿ ಮಾತ್ರ ಇರುವ, ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ನಾನು ಬೇರೆಯೇ ಸಲಹೆ ಕೊಡುತ್ತೇನೆ: ಅಲ್ಲಿ ರಾತ್ರಿ ಹೊತ್ತಿನಲ್ಲಿ ಪಾಯಿಖಾನೆ ಉಕ್ಕುವುದನ್ನು ಹಣದಲ್ಲಿ ಅಳೆಯಲಾಗುವುದಿಲ್ಲ, ಆದ್ದರಿಂದ ಎರಡನೆಯ ಸಲ ಕಟ್ಟಿಕೊಂಡಾಗಲೇ ಕ್ಯಾಮೆರಾ ಬಿಡಿಸಿ, ದೋಷವಿರುವ ಭಾಗವನ್ನು ಬದಲಾಯಿಸಿಬಿಡಬೇಕು. ಲೈನಿನ ಮೇಲೆಯೇ ತೆಂಗು, ಅರಳಿ, ಅತ್ತಿ ಮರಗಳಿರುವವರಿಗೆ ಎರಡೇ ದಾರಿ: ಒಂದೋ ವರ್ಷಕ್ಕೊಮ್ಮೆ ಬೇರು ಕತ್ತರಿಸುವ ಖರ್ಚನ್ನು ಒಪ್ಪಿಕೊಳ್ಳಬೇಕು, ಇಲ್ಲವೆ ಆ ಭಾಗಕ್ಕೆ ಜಾಯಿಂಟು ಕಡಿಮೆ ಇರುವ ಪಿವಿಸಿ ಹಾಕಿಸಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. ತೆಂಗಿನಮರ ಈಗಲೂ ಇದೆ.

ಯಾವ ದಾರಿ ಹಿಡಿದರೂ ಚೇಂಬರಿನ ಮುಚ್ಚಳ ಕೈಗೆ ಸಿಗುವಂತಿರಬೇಕು. ಅಂಗಳಕ್ಕೆ ಹೊಸ ಟೈಲ್ಸ್ ಹಾಕಿಸುವಾಗ ಅಂದಗೆಡುತ್ತದೆಂದು ಅದನ್ನೂ ಸೇರಿಸಿ ಮುಚ್ಚಿಸಿಬಿಡುವವರು ಬಹಳ ಮಂದಿ. ಆಮೇಲೆ ಯಾವ ಟೈಲ್ಸಿನ ಕೆಳಗೆ ಎಂದು ಸುತ್ತಿಗೆ ಹಿಡಿದು ಹುಡುಕಬೇಕಾಗುತ್ತದೆ. ನೀಲಿ ನೀರಿನಿಂದ ಪತ್ತೆಮಾಡಿದ ನಮ್ಮ ಮನೆಯ ಲೈನಿನ ನಕ್ಷೆಯನ್ನು, ಚೇಂಬರುಗಳಿಗೆ ಗೋಡೆಯಿಂದ ಇರುವ ಅಡಿ ಲೆಕ್ಕದ ಸಮೇತ, ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಮುಖಕ್ಕೆ ಅಂಟಿಸಿದ್ದೇನೆ. ಕಳೆದ ಸಲ ಜೆಟ್ಟಿಂಗಿನವರು ಬಂದಾಗ ನಾನು ಊರಿನಲ್ಲಿರಲಿಲ್ಲ. ಅವರು ಅದನ್ನು ನೋಡಿಕೊಂಡೇ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದರು.